ಪ್ರಯಾಣಿಕರ ಗಮನಕ್ಕೆ, ಹಾಲು ಬಾಗಿಲಿಗೆ ಬಂದಿದೆ

ಬಾಗಿಲ ಹೊರಗಿನ ಹಾಲನ್ನು ಒಳಗೆ ತರಬೇಕು. ಅದನ್ನು ಒಲೆಯ ಮೇಲಿಟ್ಟು, ಉಕ್ಕುವಷ್ಟರಲ್ಲಿ ಓಡಿಹೋಗಿ ನೀರಿನ ಪಂಪಿನ ಸ್ವಿಚ್ಚು ಹಾಕಬೇಕು. ಮೇಲಿನ ಟ್ಯಾಂಕು ತುಂಬಿ ಚೆಲ್ಲುವಷ್ಟರಲ್ಲಿ ಬಟ್ಟೆಗಳನ್ನು ಒಗೆಯುವ ಯಂತ್ರಕ್ಕೆ ತುರುಕಬೇಕು. ತುರುಕುವ ಮೊದಲು ಗಂಡನ ಅಂಗಿಯ ಜೇಬಿನಿಂದ ಕನ್ನಡಕದ ಪುಟಾಣಿ ತಿರುಪುಗಳನ್ನು ಹೆಕ್ಕಿ ತೆಗೆಯಬೇಕು. ಮಾವನ ಬಿ.ಪಿ. ಮಾತ್ರೆಯನ್ನು ಅವರ ಕಣ್ಣಿಗೆ ಬೀಳುವ ಜಾಗದಲ್ಲಿಡಬೇಕು. ಕಣ್ಣಿಗೆ ಬಿದ್ದರೂ ಅವರು ನುಂಗುವುದಿಲ್ಲವಾದ್ದರಿಂದ ಆಮೇಲೆ ಕೈಗೇ ಕೊಡಬೇಕೆಂದು ನೆನಪಿಟ್ಟುಕೊಳ್ಳಬೇಕು. ಮಗಳ ಫೋನು ಚಾರ್ಜಿಗಿಡಬೇಕು (ಫೋನು ಸತ್ತರೆ ಮಗಳು ಬದುಕುವುದು ಕಷ್ಟ). ನಿನ್ನೆಯ ಪಾತ್ರೆ ಉಜ್ಜಬೇಕು, ಇವತ್ತಿನ ತರಕಾರಿ ಹೆಚ್ಚಬೇಕು, ನಾಳೆಗೆ ಏನೇನಿಲ್ಲವೆಂದು ಡಬ್ಬಗಳ ಮುಚ್ಚಳ ತೆಗೆದು ನೋಡಬೇಕು. ಇದಿಷ್ಟೂ ಕಿಟಕಿಯಾಚೆ ಇನ್ನೂ ಕತ್ತಲಿರುವಾಗಲೇ, ಸದ್ದಾಗದಂತೆ. ಏಕೆಂದರೆ ಮನೆಮಂದಿ ಮಲಗಿದ್ದಾರೆ.

ಆಮೇಲೆ ಸೂರ್ಯ ಹುಟ್ಟುತ್ತಾನೆ. ಆ ಮನೆಯಲ್ಲಿ ಎಬ್ಬಿಸದೆ ಏಳುತ್ತಿದ್ದ ಗಂಡಸು ಅವನೊಬ್ಬನೇ.

ಇಷ್ಟೆಲ್ಲ ಮಾಡುತ್ತಿದ್ದವಳನ್ನು ಆ ಕಟ್ಟಡದವರೆಲ್ಲ ‘ಪ್ರಕಟಣೆ’ ಎಂದು ಕರೆಯುತ್ತಿದ್ದರು. ಅಡ್ಡಹೆಸರಿಗೆ ಕಾರಣವಿತ್ತು. ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಅವಳು ಹಲವು ವರ್ಷ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕೂಗುತ್ತಿದ್ದಳು. ತುಪ್ಪ ಸುರಿದಂಥ ದನಿ. ಬಸ್ಸು ಕೆಟ್ಟು ನಿಂತಿದೆ ಎಂದು ಅವಳು ಹೇಳಿದರೆ ಜನ ಶುಭಸಮಾಚಾರ ಕೇಳಿದವರಂತೆ ತಲೆದೂಗುತ್ತಿದ್ದರು. ಒಂದು ದಿನ ಅಧಿಕಾರಿಗಳು ಬಂದು, “ಇಷ್ಟು ಚೆನ್ನಾಗಿರೋ ದನಿ ಶಾಶ್ವತವಾಗಿ ಉಳೀಬೇಕಮ್ಮ” ಎಂದು ಎಲ್ಲ ಊರುಗಳ ಹೆಸರನ್ನೂ ಅವಳಿಂದ ಹೇಳಿಸಿ, ಯಂತ್ರಕ್ಕೆ ತುಂಬಿಸಿಕೊಂಡರು. ದನಿ ಶಾಶ್ವತವಾಗಿ ಉಳಿಯಿತು. ಅವಳನ್ನು ಮನೆಗೆ ಕಳಿಸಿದರು. ಅವಳದೇ ಗಂಟಲು ಅವಳ ಕೆಲಸ ನುಂಗಿತು.

ಕೆಲಸ ಹೋದದ್ದಕ್ಕಿಂತ ಅವಳಿಗೆ ಉರಿಯುತ್ತಿದ್ದದ್ದು ಬೇರೆ ಸಂಗತಿ. ತರಕಾರಿಗೆ ಹೋಗುವಾಗ ನಿಲ್ದಾಣದ ಮುಂದೆ ಹಾಯಬೇಕಿತ್ತು. ಒಳಗೆ ಅವಳ ದನಿ, “ಪ್ರಯಾಣಿಕರ ಗಮನಕ್ಕೆ…” ಎಂದು ಶುರುಮಾಡಿದ್ದೇ ತಡ, ನಿದ್ದೆ ಹೊಡೆಯುತ್ತಿದ್ದವರು ಎದ್ದು, ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಓಡುತ್ತಿದ್ದರು. ಒಂದೇ ಮಾತಿಗೆ! ಮನೆಯಲ್ಲಿ ಅದೇ ಗಂಟಲಿನಿಂದ, “ಟವೆಲು ಒಣಗ್ಲಿಕ್ಕೆ ಹಾಕಿ” ಎಂದು ಬೆಳಗಿನಿಂದ ಸಂಜೆಯವರೆಗೂ ಹೇಳಿದರೂ ಹಾಸಿಗೆಯ ಮೇಲಿನ ಒದ್ದೆ ಟವೆಲು ಇದ್ದಲ್ಲೇ ಮುಗ್ಗುತ್ತಿತ್ತು.

“ನನ್ನ ಮಾತಿಗೆ ಊರಿಗೆ ಊರೇ ಏಳುತ್ತೆ. ಈ ಮನೇಲಿ ಮೂರು ಜನ ಏಳೋದಿಲ್ಲ,” ಎಂದು ಅವಳು ಒಂದು ಸಂಜೆ ತಟ್ಟೆ ಇಡುತ್ತ ಗೊಣಗಿದಳು.

“ಅಲ್ಲಿ ಏಳದಿದ್ರೆ ಬಸ್ಸು ಹೋಗಿಬಿಡುತ್ತಲ್ಲಮ್ಮ,” ಎಂದಳು ಕಾಲೇಜಿನ ಮಗಳು ಫೋನಿನಿಂದ ತಲೆಯೆತ್ತದೆ. “ಇಲ್ಲಿ ನೀನೆಲ್ಲಿ ಹೋಗ್ತೀಯ?”

ಚಮಚ ಪ್ರಕಟಣೆಯ ಕೈಯಲ್ಲೇ ನಿಂತಿತು. ಐಡಿಯಾ ಹುಟ್ಟಿದ್ದು ಆಗಲೇ. ನಿಲ್ದಾಣ ಅವಳಿಲ್ಲದೆ ಅವಳ ದನಿಯಿಂದ ನಡೆಯುತ್ತಿದೆ. ಮನೆ ಯಾಕೆ ನಡೆಯಬಾರದು?

ಮರುದಿನವೇ ಊಟದ ಮೇಜಿನ ಸುತ್ತ ಬ್ರೈನ್‌ಸ್ಟಾರ್ಮಿಂಗ್ ಏರ್ಪಾಡಾಯಿತು. (ಹೊಸ ಉದ್ಯಮ ಕಟ್ಟುವವರು ಮೊದಲು ಮಾಡಬೇಕಾದ್ದು ಇದನ್ನೇ ಎಂದು ಮಗಳು ನೋಡುತ್ತಿದ್ದ ವಿಡಿಯೋಗಳೆಲ್ಲ ಒಮ್ಮತದಿಂದ ಸಾರಿದ್ದವು.) ಮಾವ ಅಧ್ಯಕ್ಷರು. ಅವರು ನ್ಯಾಯಾಲಯದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಉಪ್ಪು ಬೇಕಾದರೂ “ಉಪ್ಪನ್ನು ಹಾಜರುಪಡಿಸಿ” ಎನ್ನುವಂಥವರು. ಗಂಡನಿಗೆ ಕನ್ನಡಕದ ಅಂಗಡಿ. ಊರಿನವರ ದೃಷ್ಟಿದೋಷವನ್ನೆಲ್ಲ ತಿದ್ದುತ್ತಿದ್ದ. ಸ್ವಂತ ಮನೆಯಲ್ಲಿ ಕಣ್ಣೆದುರಿಗಿದ್ದ ಸಾಕ್ಸು ಅವನಿಗೆ ಯಾವತ್ತೂ ಕಂಡದ್ದಿಲ್ಲ. ಆದರೆ ಉತ್ಸಾಹಕ್ಕೆ ಬರವಿಲ್ಲದ ಮನುಷ್ಯ.

“ದೊಡ್ಡದಾಗಿ ಯೋಚಿಸೋಣ,” ಎಂದ ಗಂಡ. “ಹಾರೋ ಪೊರಕೆ!”

“ತಾನೇ ಮಡಚಿಕೊಳ್ಳೋ ಹಾಸಿಗೆ,” ಎಂದಳು ಮಗಳು.

“ಆಕ್ಷೇಪಣೆ,” ಎಂದರು ಮಾವ, ಯಾವುದಕ್ಕೆಂದು ಅವರಿಗೂ ಗೊತ್ತಿರಲಿಲ್ಲ.

“ನನ್ನ ಮಾತು ಕೇಳಿ,” ಎಂದಳು ಪ್ರಕಟಣೆ. “ಅಡುಗೆಮನೆ ಗೋಡೆಗೆ ಒಂದು ಪೆಟ್ಟಿಗೆ. ಒಳಗೆ ನನ್ನ ದನಿ. ಯಾವ ಹೊತ್ತಿಗೆ ಯಾವ ಕೆಲಸ ಅಂತ ಅದು ನಿಲ್ದಾಣದ ಹಾಗೆ ಕೂಗುತ್ತೆ. ಕೆಲಸ ಮುಗಿಸಿದವರು ಬಂದು ಗುಂಡಿ ಒತ್ತಬೇಕು. ಒತ್ತೋವರೆಗೂ ಅದು ಬಿಡೋದಿಲ್ಲ, ಕೂಗ್ತಾನೇ ಇರುತ್ತೆ. ಹೆಸರು ‘ಗಮನಕ್ಕೆ’.”

ಗಂಡ ಮೇಜು ಗುದ್ದಿದ. “ನೀನು ಜೀನಿಯಸ್ ಕಣೇ!”

ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. ಅದನ್ನು ಒರೆಸಲು ಬಂದ ಅತ್ತೆ, ಬಟ್ಟೆ ಹಿಂಡುತ್ತ ಕೇಳಿದರು, “ಕೂಗೋದೇನೋ ಪೆಟ್ಟಿಗೆ ಕೂಗುತ್ತೆ. ಮಾಡೋರು ಯಾರು?”

ಎಲ್ಲರೂ ನಕ್ಕರು. ಪ್ರಕಟಣೆಯೂ ನಕ್ಕಳು, ಪ್ರೀತಿಯಿಂದಲೇ. “ಅತ್ತೆ, ಅದೆಲ್ಲ ಆಮೇಲಿನ ಹಂತ. ಮಂಡಿ ನೋವು ಇಟ್ಟುಕೊಂಡು ನೀವ್ಯಾಕೆ ಎದ್ದು ಬಂದ್ರಿ? ಹೋಗಿ ಮಲಗಿ.” ಅತ್ತೆಗೆ ಮಂಡಿ ಕೈಕೊಟ್ಟ ದಿನದಿಂದ ಅವರಿಗೆ ಒಂದು ಚಮಚವನ್ನೂ ಎತ್ತಲು ಅವಳು ಬಿಟ್ಟಿರಲಿಲ್ಲ. ಅತ್ತೆ ತಲೆಯಾಡಿಸಿ, ಲೋಟಗಳನ್ನು ಎತ್ತಿಕೊಂಡು ಹೋದರು. ಮಲಗಿದರೋ ಇಲ್ಲವೋ ಯಾರೂ ನೋಡಲಿಲ್ಲ. ಎಲ್ಲರೂ ಲಾಂಛನದ ಬಣ್ಣ ಆರಿಸುತ್ತಿದ್ದರು.

ಮುಂದಿನ ಹಂತ ಜನಾಭಿಪ್ರಾಯ. ಪ್ರಕಟಣೆ ಮೆಟ್ಟಿಲ ಮೇಲೆ ಕೂತು, ಹತ್ತಿಳಿಯುವ ಹೆಂಗಸರನ್ನೆಲ್ಲ ಅಡ್ಡಹಾಕಿ, ಮನೆಗೆಲಸದಲ್ಲಿ ಅತಿ ಹೆಚ್ಚು ದಣಿಸುವುದು ಯಾವುದೆಂದು ಕೇಳಿದಳು. ಪಾತ್ರೆ, ಬಟ್ಟೆ, ಅಡುಗೆ ಎಂಬ ಉತ್ತರ ಬರುತ್ತದೆಂದು ಅಂದುಕೊಂಡಿದ್ದಳು.

“ಹೇಳೋದು,” ಎಂದಳು ರಾತ್ರಿಪಾಳಿ ಮುಗಿಸಿ ಬಂದ ನರ್ಸು, ಚಪ್ಪಲಿ ಕೈಯಲ್ಲಿ ಹಿಡಿದು. “ಮಾಡೋದಾದ್ರೂ ಮಾಡಿಬಿಡಬಹುದು. ಮಾಡಿ, ಮಾಡಿ ಅಂತ ಹೇಳ್ತಾನೇ ಇರಬೇಕಲ್ಲ, ಅದಕ್ಕೆ ನನ್ನ ಪ್ರಾಣ ಅರ್ಧ ಹೋಗಿದೆ.”

“ಹೇಳಿದ್ಮೇಲೆ, ‘ಎಷ್ಟು ಸಲ ಹೇಳ್ತೀಯ’ ಅಂತಾರಲ್ಲ, ಉಳಿದರ್ಧ ಅದಕ್ಕೆ ಹೋಗುತ್ತೆ,” ಎಂದಳು ಕೆಳಮನೆಯ ದರ್ಜಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ. “ನಿನ್ನ ಪೆಟ್ಟಿಗೆ ಮೊದಲು ನಮ್ಮನೆಗೆ ತಗುಲಿಸು. ನಿನಗೆ ಆಫೀಸಿಗೆ ನನ್ನ ಹಿಂದಿನ ಕೋಣೆ ಕೊಡ್ತೀನಿ.”

ಆ ಕೋಣೆಗಾಗಿ ಪ್ರಕಟಣೆ ದರ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸ್ವಂತದ್ದು ಅನ್ನುವ ಮೇಜು ಅವಳಿಗೆ ಗಾಜಿನ ಗೂಡು ಬಿಟ್ಟ ಮೇಲೆ ಇರಲಿಲ್ಲ. ಆ ಕೋಣೆಯಲ್ಲಿದ್ದ ಮೇಜಿನ ಅರ್ಧಭಾಗದ ಮೇಲೆ ಕತ್ತರಿಸಿದ ತೋಳುಗಳು, ಕಾಲರುಗಳು ಬಿದ್ದಿರುತ್ತಿದ್ದವು. ಇರಲಿ; ಉಳಿದರ್ಧ ಅವಳದು.

ಮಗಳು ಹಳೆಯ ಫೋನೊಂದನ್ನು ಮರದ ಪೆಟ್ಟಿಗೆಗೆ ಕೂರಿಸಿ, ಕೆಂಪು ಗುಂಡಿ ಇಟ್ಟು, ಮೊದಲ ‘ಗಮನಕ್ಕೆ’ ತಯಾರು ಮಾಡಿದಳು. ಪ್ರಕಟಣೆ ಕೆಲಸಗಳನ್ನೆಲ್ಲ ಹಳೆಯ ಗತ್ತಿನಲ್ಲೇ ಹೇಳಿ ತುಂಬಿಸಿದಳು. “ಪ್ರಯಾಣಿಕರ ಗಮನಕ್ಕೆ. ಹಾಲು ಬಾಗಿಲಿಗೆ ಬಂದಿದೆ.” “ಬಾಲ್ಕನಿಯಿಂದ ಕಪಾಟಿಗೆ ತೆರಳುವ ಬಟ್ಟೆಗಳು ಹೊರಡಲು ಸಿದ್ಧವಾಗಿವೆ.” “ಒಲೆಯ ಮೇಲಿನ ಹಾಲು ಕೆಲವೇ ಕ್ಷಣಗಳಲ್ಲಿ ಪಾತ್ರೆಯಿಂದ ಹೊರಡಲಿದೆ.” ಗುಂಡಿ ಒತ್ತಿದಾಗಲೆಲ್ಲ ಅವಳ ಕಂಪ್ಯೂಟರಿನಲ್ಲಿ ಗ್ರಾಫಿನ ಗೆರೆ ಒಂದು ಮೆಟ್ಟಿಲು ಹತ್ತುತ್ತಿತ್ತು, ಯಾರೂ ಒತ್ತದಿದ್ದರೆ ಇಳಿಯುತ್ತಿತ್ತು.

ವಿಡಿಯೋಗಳ ಪ್ರಕಾರ, ಪ್ರಯೋಗ ನಡೆಯುವಾಗ ಸಂಸ್ಥಾಪಕರು ನಡುವೆ ಕೈಹಾಕಕೂಡದು. ಪ್ರಕಟಣೆ ನಿಯಮ ಮುರಿಯುವವಳಲ್ಲ. ಮೊದಲ ಬೆಳಗ್ಗೆ ಹಾಸಿಗೆಯಲ್ಲೇ ಕೂತು, ತನ್ನ ಕೈಗಳನ್ನು ತಾನೇ ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಅಡುಗೆಮನೆಯಲ್ಲಿ ಅವಳ ದನಿ, “ಪ್ರಯಾಣಿಕರ ಗಮನಕ್ಕೆ, ಹಾಲು…” ಎಂದಿತು. ವಾಕ್ಯ ಮುಗಿಯುವ ಮೊದಲೇ ಟಕ್ ಎಂದು ಗುಂಡಿಯ ಸದ್ದು!

ಅವಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಹಾಗಾದರೆ ಎದ್ದದ್ದು ಮಗಳಿರಬೇಕು! ಬಂಗಾರದಂಥ ಹುಡುಗಿ. ಪ್ರಕಟಣೆ ಮುಸುಕೆಳೆದು ಮಲಗಿಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ಅವಳನ್ನು ಸೂರ್ಯ ಎಬ್ಬಿಸಿದ.

ಆಮೇಲಿನ ವಾರಗಳು ಪವಾಡವೇ. ದರ್ಜಿಯ ಹಿಂದಿನ ಕೋಣೆಯ ಕಿಟಕಿಯಿಂದ ಮೇಲಿನ ಅಡುಗೆಮನೆಯ ದನಿ ಕೇಳುತ್ತಿತ್ತು. ಕೂಗು ಶುರುವಾಗುವುದೇ ತಡ, ಟಕ್. ಒಮ್ಮೆಯೂ ಎರಡನೇ ಸಲ ಕೂಗಲಿಲ್ಲ. ಗ್ರಾಫಿನ ಗೆರೆ ಹಿಂದೆಮುಂದೆ ನೋಡದೆ ಏಣಿ ಹತ್ತಿತು. ಸಂಜೆ ಮನೆಗೆ ಹೋದರೆ ಬಟ್ಟೆ ಮಡಚಿದೆ, ಪಾತ್ರೆ ಹೊಳೆಯುತ್ತಿದೆ, ಗಂಡ ಸೋಫಾದಲ್ಲಿ, ಮಾವ ಪತ್ರಿಕೆಯಲ್ಲಿ, ಮಗಳು ಫೋನಿನಲ್ಲಿ. ಎಲ್ಲರೂ ಕೆಲಸ ಮುಗಿಸಿ ದಣಿವಾರಿಸಿಕೊಳ್ಳುತ್ತಿದ್ದಾರೆಂದು ಅವಳಿಗೆ ಎದೆ ತುಂಬುತ್ತಿತ್ತು. ಬಂಡವಾಳದಾರರಿಗಾಗಿ ತಯಾರಿಸುತ್ತಿದ್ದ ಸ್ಲೈಡುಗಳ ಕೊನೆಗೆ ‘ಕೃತಜ್ಞತೆಗಳು’ ಎಂಬ ಪುಟವನ್ನೇ ಸೇರಿಸಿದಳು. ತಂಡದ ಪುಟದಲ್ಲಿ ಎಲ್ಲರ ಫೋಟೋ: ಮಾವ ಅಧ್ಯಕ್ಷರು, ಗಂಡ ಮಾರುಕಟ್ಟೆ, ಮಗಳು ತಂತ್ರಜ್ಞಾನ. ಅತ್ತೆಯನ್ನು ಮರೆಯಲಿಲ್ಲ. ‘ಹಾಗೂ ಮನೆಯವರೆಲ್ಲರ ಸಹಕಾರಕ್ಕೆ’ ಎಂಬ ಸಾಲಿನಲ್ಲಿ ಅವರೂ ಬಂದರು.

ಅತ್ತೆ ಯಾಕೋ ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸಲು ಶುರುಮಾಡಿದ್ದರು. ವಯಸ್ಸಾಯಿತು, ಪಾಪ. ಜೊತೆಗೆ ಒಂದು ವಿಚಿತ್ರ ಅಭ್ಯಾಸ: ದಿನಾ ಬೆಳಗ್ಗೆ ಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಒಂದು ಲೋಟ ಬಿಸಿನೀರು ಇಡುತ್ತಿದ್ದರು. ಇಟ್ಟು ಮರೆಯುತ್ತಾರೆ ಎಂದುಕೊಂಡು ಪ್ರಕಟಣೆ ಅದನ್ನು ಆಫೀಸಿಗೆ ಹೊರಡುವ ಮುನ್ನ ಸಿಂಕಿಗೆ ಚೆಲ್ಲಿ ಹೋಗುತ್ತಿದ್ದಳು.

ಬಂಡವಾಳ ಹೂಡುವವರನ್ನು ಹುಡುಕಿದ ಕೀರ್ತಿ ಮಾತ್ರ ಗಂಡನಿಗೇ ಸಲ್ಲಬೇಕು. ಹೊಸ ಉದ್ಯಮಗಳಿಗೆ ಹಣ ಹಾಕುವ ಮಹಿಳೆಯೊಬ್ಬರು ಅವನ ಅಂಗಡಿಗೆ ಓದುವ ಕನ್ನಡಕಕ್ಕೆ ಬಂದರು. (ಅವನು ಮನುಷ್ಯರನ್ನು ನೆನಪಿಡುವುದು ಅವರ ಕನ್ನಡಕದ ನಂಬರಿನಿಂದ. ಹೀಗಾಗಿ ಮನೆಯಲ್ಲಿ ಆಕೆಗೆ ಮೊದಲ ದಿನದಿಂದಲೂ ‘ಪ್ಲಸ್ ಎರಡೂವರೆ’ ಎಂದೇ ಹೆಸರು.) ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿ, ಮೂಗಿನ ಮೇಲೆ ತೂಕದ ಚೌಕಟ್ಟು ಹೇರಿ, ಎದುರಿಗೆ ಅಕ್ಷರಗಳ ಫಲಕ ಇಳಿಬಿಟ್ಟ. ಆಕೆ ಜೋರಾಗಿ ಓದಿದರು.

“ಗ… ಮ… ನ… ಕ್ಕೆ. ಮನೆ ನಡೆಸುವ ದನಿ. ಹೇಳಿ ಹೇಳಿ ಸಾಕಾದವರಿಗಾಗಿ…” ಸಾಲುಗಳು ಕೆಳಗಿಳಿದಂತೆ ಸಣ್ಣವಾಗುತ್ತಿದ್ದವು. “ಇದೇನ್ರೀ, ಕೊನೇ ಸಾಲಲ್ಲಿ ಫೋನ್ ನಂಬರಿದೆ?”

“ಓದೋಕಾಯ್ತಾ? ಹಾಗಾದ್ರೆ ನಿಮ್ಮ ದೃಷ್ಟಿ ಸರಿಯಾಗಿದೆ ಮೇಡಂ,” ಎಂದ ಗಂಡ. “ಅದು ನನ್ನ ಹೆಂಡತಿ ನಂಬರು.”

ಆಕೆ ನಕ್ಕರು. ಮನೆಗೇ ಬಂದು ಪೆಟ್ಟಿಗೆ ನೋಡುತ್ತೇನೆಂದರು. ಸುದ್ದಿ ಕೇಳಿ ಪ್ರಕಟಣೆ ದರ್ಜಿಯ ಕೋಣೆಯಲ್ಲಿ ಕಾಲರುಗಳ ನಡುವೆಯೇ ಗಂಡನನ್ನು ತಬ್ಬಿಕೊಂಡಳು. ಸಾಕ್ಸು ಕಾಣದಿದ್ದರೇನು? ಅವಳ ಕನಸನ್ನು ರಾತ್ರಿಯಿಡೀ ಕೂತು ಫಲಕದ ಮೇಲೆ ಬರೆದವನು!

ಆ ಭೇಟಿಗೆ ತಾಲೀಮುಗಳಾದವು. ಸಮಸ್ಯೆಯೇನು, ಪರಿಹಾರವೇನು, ಎಷ್ಟು ಮನೆಗಳಿವೆ, ಯಾಕೆ ನೀವೇ, ಯಾಕೆ ಈಗಲೇ. ಪ್ರಕಟಣೆ ಕನ್ನಡಿ ಮುಂದೆ ನಿಂತು ಹೇಳಿ, ಗಂಡನ ಮುಂದೆ ಹೇಳಿ, ನರ್ಸಿನ ಮುಂದೆ ಹೇಳಿ (ಅವಳು ನಿಂತಲ್ಲೇ ನಿದ್ದೆ ಹೋದಳು, ಅದು ಪಾಳಿಯ ದೋಷ), ಬಾಯಿಪಾಠ ಮಾಡಿಕೊಂಡಳು. ಉಳಿದದ್ದು ಒಂದೇ ಆತಂಕ. ಅತ್ತೆಗೆ ಬಾಯಿಗೆ ಬಂದದ್ದನ್ನು ಬಂದವರ ಮುಂದೆ ಆಡುವ ಅಭ್ಯಾಸ. ಹಿಂದೊಮ್ಮೆ ಗಂಡನ ಅಂಗಡಿಗೆ ಸಾಲ ಕೊಡಲು ಬಂದ ಬ್ಯಾಂಕಿನವರಿಗೆ, “ಇವನು ಚಿಕ್ಕಂದಿನಲ್ಲಿ ಲೆಕ್ಕದಲ್ಲಿ ಫೇಲು” ಎಂದಿದ್ದರು.

“ಅತ್ತೆ,” ಎಂದಳು ಪ್ರಕಟಣೆ ಭೇಟಿಯ ದಿನ, ದನಿಗೆ ಇನ್ನಷ್ಟು ತುಪ್ಪ ಸುರಿದು, “ದರ್ಜಿ ನಿಮಗೆ ಹೊಸ ಬಟ್ಟೆ ಹೊಲೀತಾಳಂತೆ, ನನ್ನ ಉಡುಗೊರೆ. ಅಳತೆ ಕೊಟ್ಟು ನಿಧಾನಕ್ಕೆ ಬನ್ನಿ.”

“ಈಗಲೇನಾ? ಹಾಲು ಇಟ್ಟಿದ್ದೀನಿ ಒಲೆ ಮೇಲೆ.”

“ಅದಕ್ಕೆ ಪೆಟ್ಟಿಗೆ ಇದೆಯಲ್ಲ ಅತ್ತೆ!”

ಅತ್ತೆ ಸೊಸೆಯ ಮುಖ ನೋಡಿದರು. ಪೆಟ್ಟಿಗೆಯ ಮುಖ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದವರು, ಸೊಸೆ ಹೊಸ ಬಟ್ಟೆಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುವುದನ್ನು ಕಂಡು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಹೋದರು.

ಪ್ಲಸ್ ಎರಡೂವರೆ ಸರಿಯಾದ ಹೊತ್ತಿಗೆ ಬಂದರು. ನೆಟ್ಟಗೆ ಕೂರುವ, ಕಡಿಮೆ ಮಾತಿನ ಹೆಂಗಸು. ಪ್ರಕಟಣೆ ಶುರುಮಾಡಿದಳು. ಹೇಳುವ ದಣಿವಿನ ಬಗ್ಗೆ ಹೇಳಿದಳು. ಮನೆಗಳಲ್ಲಿ ಕಣ್ಣಿಗೆ ಕಾಣದೆ ನಡೆದುಹೋಗುವ ದುಡಿಮೆಯ ಬಗ್ಗೆ ಹೇಳಿದಳು. “ಯಾರು ಮಾಡ್ತಾರೆ ಅಂತ ಯಾರೂ ನೋಡೋದಿಲ್ಲ, ಮೇಡಂ. ನೋಡದೇ ಇರೋದೇ ನಮ್ಮ ಮೂಲ ರೋಗ,” ಎಂದಾಗ ಆಕೆ ಮುಂದಕ್ಕೆ ಬಾಗಿ ಕೇಳಿದರು. ಗ್ರಾಫ್ ತೋರಿಸಿದಾಗ ಆಕೆ ಹೊಸ ಕನ್ನಡಕ ಹಾಕಿಕೊಂಡರು. “ಒಂದು ಸಲವೂ ಇಳಿದಿಲ್ಲ? ಇಂಥ ಗೆರೆ ನಾನು ನೋಡೇ ಇಲ್ಲ.”

ಅಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದಂಥ ದನಿ ಬಂತು. “ಪ್ರಯಾಣಿಕರ ಗಮನಕ್ಕೆ. ಒಲೆಯ ಮೇಲಿನ ಹಾಲು ಕೆಲವೇ ಕ್ಷಣಗಳಲ್ಲಿ ಪಾತ್ರೆಯಿಂದ ಹೊರಡಲಿದೆ.”

ಪ್ರಕಟಣೆ ಹೆಮ್ಮೆಯಿಂದ ಮುಗುಳ್ನಕ್ಕಳು. “ಈಗ ನೋಡಿ ಮೇಡಂ.”

ಮೇಡಂ ನೋಡಿದರು. ಗಂಡ ಮಗಳನ್ನು ನೋಡಿದ. ಮಗಳು ತಾತನನ್ನು ನೋಡಿದಳು. ತಾತ ಅಡುಗೆಮನೆಯ ಬಾಗಿಲನ್ನು ನೋಡಿದರು, ಅಲ್ಲಿ ಯಾರೋ ಇದ್ದಾರೆ ಎಂಬ ಪೂರ್ಣ ವಿಶ್ವಾಸದಿಂದ. ಯಾರೂ ಏಳಲಿಲ್ಲ.

“ಪ್ರಯಾಣಿಕರ ಗಮನಕ್ಕೆ…” ಎಂದಿತು ಪೆಟ್ಟಿಗೆ ಎರಡನೇ ಸಲ. ಅದು ಎರಡನೇ ಸಲ ಕೂಗಿದ್ದು ಇದೇ ಮೊದಲು.

“ಏಳ್ರೀ,” ಎಂದಳು ಪ್ರಕಟಣೆ ತುಟಿ ಅಲುಗಿಸದೆ.

“ನಾನಾ?” ಗಂಡ ಪಿಸುಗುಟ್ಟಿದ. “ದಿನಾ ಮಾಡೋದು ಮಗಳಲ್ವಾ?”

“ನಾನಲ್ಲಪ್ಪ! ತಾತ ಮಾಡ್ತಾರೆ ಅಂದ್ಕೊಂಡಿದ್ದೆ. ಅವರೇ ಮನೇಲಿರೋದು.”

ಮಾವ ಎದೆ ಸೆಟೆದು ಕೂತರು. “ನನ್ನ ಹೇಳಿಕೆ ದಾಖಲಾಗಲಿ. ಕೆಲಸವನ್ನೂ ಪೆಟ್ಟಿಗೆಯೇ ಮಾಡುತ್ತೆ ಅಂತ ನಾನು ಇಲ್ಲೀವರೆಗೆ ಭಾವಿಸಿದ್ದೆ. ಇಲ್ಲದಿದ್ರೆ ಇದನ್ನ ಕಂಡುಹಿಡಿದು ಏನು ಪ್ರಯೋಜನ?”

ಹಾಲಿನ ಸೀದ ವಾಸನೆ ಹಜಾರಕ್ಕೆ ಬಂತು. ಪ್ರಕಟಣೆಯ ಕಾಲು ತಾನಾಗಿ ಒಂದು ಹೆಜ್ಜೆ ಇಟ್ಟಿತು. ಸಂಸ್ಥಾಪಕರು ಕೈಹಾಕಕೂಡದೆಂಬ ನಿಯಮ ನೆನಪಾಗಿ ಅಲ್ಲೇ ನಿಂತಿತು. ಒಂದು ಕಾಲು ಅಡುಗೆಮನೆಗೆ, ಒಂದು ಕಾಲು ಗ್ರಾಫಿಗೆ. ಅವಳ ದನಿ ಅವಳ ಬೆನ್ನ ಹಿಂದೆ ಮೂರನೇ ಸಲ, ಅಷ್ಟೇ ಸಿಹಿಯಾಗಿ, ಇಡೀ ಮನೆಗೆ ಕೇಳುವಂತೆ ಕೂಗಿತು.

ಮೆಟ್ಟಿಲ ಮೇಲೆ ಸದ್ದಾಯಿತು. ಏದುಸಿರು, ಕಂಬಿಯ ಮೇಲೆ ಬಳೆಯ ತಾಕಲು. ಬಾಗಿಲು ದಬಕ್ಕನೆ ತೆರೆದು ಅತ್ತೆ ಒಳಬಂದರು. ಕುತ್ತಿಗೆಯಲ್ಲಿ ದರ್ಜಿಯ ಅಳತೆಪಟ್ಟಿ, ಒಂದು ತೋಳಿಗೆ ಸಿಕ್ಕಿಸಿದ ಗುಂಡುಪಿನ್ನುಗಳು, ಕಾಲಲ್ಲಿ ದರ್ಜಿಯದೊಂದು ಚಪ್ಪಲಿ, ತಮ್ಮದೊಂದು. ಯಾರನ್ನೂ ನೋಡದೆ ಅಡುಗೆಮನೆಗೆ ನುಗ್ಗಿ, ಒಲೆ ಆರಿಸಿ, ಚೆಲ್ಲಿದ ಹಾಲಿಗೆ ಬಟ್ಟೆ ಎಸೆದು, ಗುಂಡಿ ಒತ್ತಿದರು. ಟಕ್.

ಆಮೇಲೆ ಪೆಟ್ಟಿಗೆಯ ತಲೆ ಸವರಿದರು. “ಸಾಕು ಮಗಳೇ, ಆಯ್ತು. ಎಷ್ಟು ಅಂತ ಕೂಗ್ತೀಯ? ಗಂಟಲು ಒಣಗಿ ಹೋಗುತ್ತೆ.”

ತಿರುಗಿದರೆ ಹಜಾರದ ತುಂಬ ಕಣ್ಣುಗಳು. ಅತ್ತೆ ಬಟ್ಟೆ ಸರಿಮಾಡಿಕೊಂಡು ಅತಿಥಿಯನ್ನು ಕಂಡು ಗಾಬರಿಯಾದರು. “ಅಯ್ಯೋ, ಇವರಿಗೆ ಕಾಫಿ ಯಾರಾದರೂ ಕೊಟ್ರಾ?”

ಯಾರೂ ಕೊಟ್ಟಿರಲಿಲ್ಲ.

ಪ್ಲಸ್ ಎರಡೂವರೆ ಕನ್ನಡಕ ತೆಗೆದು ಒರೆಸಿದರು. ನಗುತ್ತಿದ್ದರೋ ಏನೋ, ಭುಜ ಅಲುಗುತ್ತಿತ್ತು. “ನಿಮ್ಮ ತಂಡದ ಪುಟದಲ್ಲಿ ಒಂದು ಫೋಟೋ ಕಡಿಮೆ ಇದೆ,” ಎಂದರು ಪ್ರಕಟಣೆಗೆ. ಅವಳಿಗೆ ನೆಲ ಬಾಯ್ಬಿಡಬಾರದೇ ಅನಿಸಿತು. ಹೊರಡುವಾಗ ಬಾಗಿಲ ಬಳಿ ಆಕೆ ಅವಳೊಬ್ಬಳಿಗೇ ಕೇಳುವಂತೆ ಹೇಳಿದರು, “ನೀವು ಹೇಳಿದ ಸಮಸ್ಯೆ ನಿಜ. ನನ್ನ ಮನೆಯದೂ ಅದೇ. ಮುಂದಿನ ವಾರ ನನ್ನ ಪಾಲುದಾರರ ಮುಂದೆ ಬನ್ನಿ. ಅವರು ಅಡುಗೆಮನೆ ನೋಡೋರಲ್ಲ, ಗ್ರಾಫ್ ಮಾತ್ರ ನೋಡ್ತಾರೆ. ಇದೇ ಗೆರೆ ತಂದರೆ ಬಹುಶಃ ಒಪ್ಪುತ್ತಾರೆ. ಬೇರೆ ಏನಾದರೂ ತಂದರೆ ಹೇಳೋಕಾಗಲ್ಲ. ನಾನಿವತ್ತು ನೋಡಿದ್ದನ್ನ ಅವರಿಗೆ ಹೇಳೋದು, ಬಿಡೋದು, ನಿಮ್ಮ ಇಷ್ಟ.”

ಆ ಸಂಜೆ ಮನೆ ಮಂಕಾಗಿತ್ತು. ಗಂಡ ತಾನಾಗಿಯೇ ಸೀದ ಪಾತ್ರೆ ಉಜ್ಜಲು ಹೋಗಿ, ಪಾತ್ರೆಗಿಂತ ಹೆಚ್ಚಾಗಿ ಅಂಗಿಯನ್ನು ಉಜ್ಜಿಕೊಂಡ. ಪ್ರಕಟಣೆ ಅತ್ತೆಯ ಕೋಣೆಗೆ ಹೋಗಿ, ಮಂಚದ ತುದಿಯಲ್ಲಿ ಕೂತು, ಅವರ ಮಂಡಿಗೆ ಎಣ್ಣೆ ಹಚ್ಚತೊಡಗಿದಳು.

“ಇಷ್ಟು ದಿನ ಎಲ್ಲಾ ನೀವೇನಾ ಅತ್ತೆ?”

“ಎಲ್ಲಾ ಅಂದ್ರೆ? ಅದು ಕೂಗುತ್ತಿತ್ತು, ನಾನು ಮೊದಲು ಗುಂಡಿ ಒತ್ತಿ, ಆಮೇಲೆ ಮಾಡ್ತಿದ್ದೆ.”

“ಹೇಳಬಾರದಿತ್ತಾ?”

“ಮೊದಲ ದಿನಾನೇ ಕೇಳಿದೆನಲ್ಲ, ಮಾಡೋರು ಯಾರು ಅಂತ. ನಕ್ಕಿರಿ.” ಅತ್ತೆಯ ಮಾತಿನಲ್ಲಿ ಕೊಂಕಿರಲಿಲ್ಲ. “ಅದು ಬರೀ ಪೆಟ್ಟಿಗೆ ಅಂತ ನಂಗೂ ಗೊತ್ತು ಕಣೇ. ಆದರೆ ದನಿ ನಿನ್ನದು. ನೀನು ಕರೀತಿರೋ ಹಾಗೇ ಕೇಳುತ್ತೆ. ನೀನು ಕರೀತಾ ಇರುವಾಗ ನಾನು ಹೇಗೆ ಸುಮ್ಮನೆ ಮಲಗಿರಲಿ?”

ಪ್ರಕಟಣೆಯ ಕೈ ಮಂಡಿಯ ಮೇಲೆ ನಿಂತಿತು. “ಆ ಬಿಸಿನೀರು?”

“ನಿಲ್ದಾಣದಿಂದ ಬರುವಾಗ ನಿನ್ನ ಗಂಟಲು ಹರಿದಿರುತ್ತಿತ್ತು, ಮರೆತೆಯಾ? ಬಿಸಿನೀರು ಕುಡಿದ್ರೆ ಸರಿಹೋಗೋದು. ಆ ದನಿ ಕೇಳಿದ್ರೆ ಕೈ ತಾನಾಗೇ ನೀರಿಡುತ್ತೆ. ನೀನು ಕುಡಿದು ಹೋಗ್ತಿದ್ದೆಯಲ್ಲ, ಲೋಟ ಖಾಲಿ ಇರ್ತಿತ್ತು.”

ಸಿಂಕಿಗೆ ಚೆಲ್ಲುತ್ತಿದ್ದೆನೆಂದು ಹೇಳುವ ಬದಲು ಅವಳು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. ಸಾವಿರಾರು ಪ್ರಯಾಣಿಕರು ಅವಳ ದನಿಗೆ ಎದ್ದು ಓಡಿದ್ದರು. ಅವರೆಲ್ಲ ಓಡಿದ್ದು ಬಸ್ಸಿಗಾಗಿ. ದನಿಗಾಗಿ ಓಡಿದವರು ಇಷ್ಟು ವರ್ಷಗಳಲ್ಲಿ ಇವರೊಬ್ಬರೇ, ಅದೂ ನೆಟ್ಟಗೆ ಮಡಚಲಾಗದ ಮಂಡಿ ಹೊತ್ತು.

“ನೀನು ಹೊತ್ತೇರೋವರೆಗೂ ಮಲಗ್ತಿದ್ದೆಯಲ್ಲ,” ಎಂದರು ಅತ್ತೆ ಕಣ್ಣು ಮುಚ್ಚುತ್ತ, “ಅದನ್ನ ನೋಡೋಕೇ ಚೆಂದ ಇತ್ತು. ಬಾಯಿ ತೆರೆದುಕೊಂಡು ಮಲಗ್ತೀಯ, ಮಗು ಥರ.”

“ನಾಳೆ ನೀವು ಏಳಕೂಡದು.”

“ಅದು ಕೂಗಿದ್ರೆ?”

“ಕಿವಿಗೆ ಹತ್ತಿ ಇಟ್ಕೊಳ್ಳಿ. ನಾನೇ ಇಡ್ತೀನಿ.” ಇಟ್ಟಳು ಕೂಡ, ಎರಡೂ ಕಿವಿಗೆ, ದಪ್ಪಗೆ.

ಮರುದಿನ ಕಿಟಕಿಯಾಚೆ ಇನ್ನೂ ಕತ್ತಲಿರುವಾಗಲೇ ಅವಳಿಗೆ ಎಚ್ಚರವಾಯಿತು. ಅತ್ತೆಯ ಕೋಣೆಯಲ್ಲಿ ಹಣಕಿದಳು. ಹತ್ತಿ ತುರುಕಿಕೊಂಡ ಕಿವಿ, ತೆರೆದ ಬಾಯಿ. ಅವರೂ ಮಗುವಿನ ಥರವೇ ಮಲಗಿದ್ದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಅಡುಗೆಮನೆಗೆ ಬಂದಳು. ಕಟ್ಟೆಯ ಮೇಲೆ ಫ್ಲಾಸ್ಕು, ಪಕ್ಕದಲ್ಲಿ ಬೋರಲು ಹಾಕಿದ ಲೋಟ. ಮಲಗುವ ಮುನ್ನವೇ ತುಂಬಿಟ್ಟಿದ್ದರು, ಬೆಳಗ್ಗೆ ಏಳಕೂಡದು ಎಂದು ಹೇಳಿಸಿಕೊಂಡವರು.

ಪ್ರಕಟಣೆ ಪೆಟ್ಟಿಗೆಯನ್ನು ಮೊಳೆಯಿಂದ ಬಿಡಿಸಿದಳು. ಹಜಾರಕ್ಕೆ ತಂದು, ಮಾವನ ಮಂಚಕ್ಕೂ ಗಂಡನ ಕೋಣೆಯ ಬಾಗಿಲಿಗೂ ಮಗಳ ಕೋಣೆಯ ಬಾಗಿಲಿಗೂ ಸಮದೂರದಲ್ಲಿದ್ದ ಊಟದ ಮೇಜಿನ ಮೇಲಿಟ್ಟು, ಸದ್ದು ಹೆಚ್ಚಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿದಳು. ಫ್ಲಾಸ್ಕು, ಲೋಟ ತಂದುಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು.

“ಪ್ರಯಾಣಿಕರ ಗಮನಕ್ಕೆ! ಹಾಲು ಬಾಗಿಲಿಗೆ ಬಂದಿದೆ!”

ಕಿಟಕಿಯ ಗಾಜು ನಡುಗಿತು. ಮಾವ ಮಗ್ಗುಲು ಬದಲಿಸಿ, “ಮುಂದೂಡಲಾಗಿದೆ,” ಎಂದು ಮುಸುಕೆಳೆದರು. ಕೋಣೆಯಲ್ಲಿ ಗಂಡನ ಗೊರಕೆ ಒಂದು ಕ್ಷಣ ನಿಂತು, ಮತ್ತೆ ಹೊರಟಿತು. ಮಗಳ ಬಾಗಿಲ ಹಿಂದೆ ದಿಂಬೊಂದು ಧಪ್ಪೆಂದಿತು.

ಕೆಂಪು ಗುಂಡಿ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು. ಬಾಗಿಲ ತನಕ ಹೋಗಿ ಹಾಲು ತಂದು, ಬೆರಳಿಂದ ಒಮ್ಮೆ ಒತ್ತಿದರೆ ಸಾಕು. ಗೆರೆ ಇಳಿಯುವುದಿಲ್ಲ, ಪಾಲುದಾರರು ಒಪ್ಪುತ್ತಾರೆ, ದರ್ಜಿಯ ಕೋಣೆಯ ಮೇಜಿನ ಉಳಿದರ್ಧವೂ ಅವಳದಾಗುತ್ತದೆ. ಒತ್ತದಿದ್ದರೆ ಇವತ್ತಿನಿಂದ ಗೆರೆ ಜಾರುತ್ತದೆ. ಎಲ್ಲಿಯವರೆಗೆ ಜಾರುತ್ತದೋ, ಆ ಮೂವರಲ್ಲಿ ಯಾರು ಯಾವಾಗ ಏಳುತ್ತಾರೋ, ಆ ಕುಂಟುವ ಗೆರೆಯನ್ನೇ ಎತ್ತಿಕೊಂಡು ಪಾಲುದಾರರ ಮುಂದೆ ನಿಲ್ಲಬೇಕಾಗುತ್ತದೆ, ತಂಡದ ಪುಟದಲ್ಲಿ ಅತ್ತೆಯ ಫೋಟೋ ಎಲ್ಲರಿಗಿಂತ ಮೇಲಿಟ್ಟು.

“ಪ್ರಯಾಣಿಕರ ಗಮನಕ್ಕೆ!” ಪೆಟ್ಟಿಗೆ ಮತ್ತೆ ಶುರುಮಾಡಿತು. ಇಷ್ಟು ಹತ್ತಿರದಿಂದ ಕೇಳಿದರೆ ಅದರ ಗಂಟಲು ನಿಜಕ್ಕೂ ಕೊಂಚ ಒಣಗಿದಂತಿತ್ತು.

ಅವಳು ಫ್ಲಾಸ್ಕಿನಿಂದ ಲೋಟಕ್ಕೆ ಬಿಸಿನೀರು ಬಗ್ಗಿಸಿಕೊಂಡಳು. ಎರಡೂ ಕೈಯಲ್ಲಿ ಲೋಟ ಹಿಡಿದು, ಬೆರಳಿಗೆ ಬೇರೆ ಕೆಲಸವಿಲ್ಲದಂತೆ ಮಾಡಿಕೊಂಡು, ನಿಧಾನವಾಗಿ, ಒಂದು ಹನಿಯನ್ನೂ ಚೆಲ್ಲದೆ, ಕುಡಿಯತೊಡಗಿದಳು.